ಹಳೆಯದನ್ನು ಅಳಿಸದೆ /ಹೋಮ್ ಅನ್ನು ಬೇರೆ ಪಾರ್ಟಿಷನ್‌ಗೆ ಸಾಗಿಸುವುದು ಹೇಗೆ?

ಲಿನಕ್ಸ್‌ನಲ್ಲಿ ನಿಮ್ಮದು ಅನ್ನುವುದೆಲ್ಲ /ಹೋಮ್ ಒಳಗೇ ಇರುತ್ತದೆ. ಫೋಟೊ, ಡಾಕ್ಯುಮೆಂಟ್ ಮಾತ್ರ ಅಲ್ಲ, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಎಸ್‌ಎಸ್‌ಎಚ್ ಕೀ, ಡೆಸ್ಕ್‌ಟಾಪ್ ಸೆಟ್ಟಿಂಗ್ ಎಲ್ಲವೂ ಅಲ್ಲೇ. ಇನ್‌ಸ್ಟಾಲ್ ಮಾಡುವಾಗ ಸುಮ್ನೆ ನೆಕ್ಸ್ಟ್ ಒತ್ತುತ್ತಾ ಹೋಗಿದ್ದರೆ ಇದೆಲ್ಲ ಸಿಸ್ಟಮ್ ಇರುವ ಪಾರ್ಟಿಷನ್‌ನಲ್ಲೇ (ಡಿಸ್ಕ್‌ನ ಭಾಗದಲ್ಲೇ) ಸೇರಿಕೊಂಡಿರುತ್ತದೆ. ಮುಂದೆ ಯಾವಾಗಲೋ ಸಿಸ್ಟಮ್ ಕೆಟ್ಟು ಮತ್ತೆ ಇನ್‌ಸ್ಟಾಲ್ ಮಾಡಬೇಕಾಗಿ ಬಂದಾಗ ತಲೆನೋವು ಶುರು.

/ಹೋಮ್‌ಗೆ ಬೇರೆ ಪಾರ್ಟಿಷನ್ ಇದ್ದರೆ ಸಿಸ್ಟಮ್ ಪಾರ್ಟಿಷನ್ ಒಂದನ್ನೇ ಫಾರ್ಮ್ಯಾಟ್ ಮಾಡಿ ಹೊಸದಾಗಿ ಶುರು ಮಾಡಬಹುದು. ಫೈಲ್‌ಗಳು ಇದ್ದಲ್ಲೇ ಇರುತ್ತವೆ. ಡೌನ್‌ಲೋಡ್ಸ್ ಫೋಲ್ಡರ್ ತುಂಬಿ ತುಳುಕಿದರೂ ಅಪ್‌ಡೇಟ್‌ಗೆ ಜಾಗ ಇಲ್ಲ ಅಂತ ಸಿಸ್ಟಮ್ ಕೈಚೆಲ್ಲುವುದಿಲ್ಲ.

ಈ ಕೆಲಸದಲ್ಲಿ ನಕಲು ಮಾಡುವುದು ಕಷ್ಟದ ಭಾಗ ಅಲ್ಲ. ಅದು ಒಂದೇ ಕಮಾಂಡ್. ಕೆಡುವುದು ಅದರ ಆಚೀಚೆ. ಹಾಗಾಗಿ ಈ ಲೇಖನದ ಉದ್ದಕ್ಕೂ ಒಂದೇ ನಿಯಮ ಇಟ್ಟುಕೊಂಡಿದ್ದೇನೆ: ಹಳೆಯ /ಹೋಮ್ ಅನ್ನು ಕೊನೆಯವರೆಗೂ ಅಳಿಸುವುದಿಲ್ಲ, ಹೆಸರು ಮಾತ್ರ ಬದಲಿಸುತ್ತೇವೆ. ಪಾರ್ಟಿಷನ್ ಸಿದ್ಧವಾದ ಮೇಲೆ ಯಾವ ಹಂತದಲ್ಲಿ ಎಡವಟ್ಟಾದರೂ ಎರಡು ನಿಮಿಷದಲ್ಲಿ ಹಿಂದಕ್ಕೆ ಬರಬಹುದು.

ಇನ್ನೊಂದು ಮಾತು. ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ. ಗೆರೆ, ಚುಕ್ಕಿ, ಸ್ಲ್ಯಾಷ್, ಸ್ಪೇಸ್ ಎಲ್ಲ ಇದ್ದ ಹಾಗೇ ಇರಲಿ. ಆದಷ್ಟು ಉದ್ದದ ಆಪ್ಷನ್‌ಗಳನ್ನೇ ಬಳಸಿದ್ದೇನೆ. ಟೈಪ್ ಮಾಡಲು ತುಸು ಜಾಸ್ತಿ, ಆದರೆ ಓದಿದರೆ ಏನು ಮಾಡುತ್ತಿದ್ದೀವಿ ಅಂತ ಗೊತ್ತಾಗುತ್ತದೆ.

ನಿಮಗೆ ಇದು ನಿಜಕ್ಕೂ ಬೇಕಾ?

ಮೊದಲು ಈಗಿನ ಸ್ಥಿತಿ ನೋಡಿ:

ಡಿಎಫ್ --ಹ್ಯೂಮನ್-ರೀಡಬಲ್ /ಹೋಮ್

ಕೊನೆಯ ಕಾಲಮ್‌ನಲ್ಲಿ ಬರೀ / ಅಂತ ಇದ್ದರೆ /ಹೋಮ್ ಸಿಸ್ಟಮ್ ಪಾರ್ಟಿಷನ್‌ನಲ್ಲೇ ಇದೆ ಅಂತ ಅರ್ಥ. /ಹೋಮ್ ಅಂತಲೇ ಇದ್ದರೆ ಅದು ಆಗಲೇ ಬೇರೆ ಇದೆ, ನೀವು ಏನೂ ಮಾಡಬೇಕಿಲ್ಲ.

ಬಿಟಿಆರ್‌ಎಫ್‌ಎಸ್ ಅನ್ನುವ ಫೈಲ್‌ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಬಳಸುತ್ತಿದ್ದರೆ ಇಲ್ಲೇ ಸ್ವಲ್ಪ ನಿಲ್ಲಿ. ಫೆಡೋರಾ ವರ್ಕ್‌ಸ್ಟೇಷನ್ 2020ರಲ್ಲಿ ಬಂದ 33ನೇ ಆವೃತ್ತಿಯಿಂದ ಡಿಫಾಲ್ಟ್ ಆಗಿ ಬಿಟಿಆರ್‌ಎಫ್‌ಎಸ್ ಬಳಸುತ್ತದೆ. ಅದರಲ್ಲಿ ಸಿಸ್ಟಮ್‌ಗೆ ಒಂದು, ಹೋಮ್‌ಗೆ ಒಂದು ಸಬ್‌ವಾಲ್ಯೂಮ್ (ಒಂದೇ ಪಾರ್ಟಿಷನ್ ಒಳಗಿನ ವಿಭಾಗ) ಇರುತ್ತದೆ, ಡಿಸ್ಕ್ ಜಾಗವನ್ನು ಎರಡೂ ಹಂಚಿಕೊಳ್ಳುತ್ತವೆ. ಓಪನ್‌ಸೂಸೆಯಲ್ಲೂ ಸಬ್‌ವಾಲ್ಯೂಮ್ ವ್ಯವಸ್ಥೆಯೇ. ಫೆಡೋರಾದಲ್ಲಿ ಮತ್ತೆ ಇನ್‌ಸ್ಟಾಲ್ ಮಾಡುವಾಗ ಹೋಮ್ ಉಳಿಸಿಕೊಳ್ಳಲು ಅಷ್ಟು ಸಾಕು. ಅಂಥವರು ಪಾರ್ಟಿಷನ್ ಮಾಡಲು ಹೋದರೆ ಇರುವ ಅನುಕೂಲ ಕಳೆದುಕೊಳ್ಳುತ್ತಾರೆ ಅಷ್ಟೇ.

ಉಳಿದವರಿಗೂ ಒಂದು ಎಚ್ಚರಿಕೆ. ಪಾರ್ಟಿಷನ್ ಅಂದರೆ ಡಿಸ್ಕ್ ಮಧ್ಯೆ ಗೋಡೆ ಕಟ್ಟಿದ ಹಾಗೆ. ನಾಳೆ ಸಿಸ್ಟಮ್ ಕಡೆ ಜಾಗ ಮುಗಿದು ಹೋಮ್ ಕಡೆ 200 ಜಿಬಿ ಖಾಲಿ ಬಿದ್ದಿದ್ದರೂ ಅದು ಸಲೀಸಾಗಿ ಈ ಕಡೆ ಬರುವುದಿಲ್ಲ. ಡಾಕರ್ ಇಮೇಜ್, ಎಲ್ಲ ಬಳಕೆದಾರರಿಗೂ ಹಾಕಿದ ಫ್ಲ್ಯಾಟ್‌ಪ್ಯಾಕ್ ಆ್ಯಪ್, ಸಿಸ್ಟಮ್ ಲಾಗ್ ಇವೆಲ್ಲ /ವಾರ್ ಒಳಗೆ, ಅಂದರೆ ಸಿಸ್ಟಮ್ ಪಾರ್ಟಿಷನ್‌ನಲ್ಲೇ ಬೆಳೆಯುತ್ತವೆ. ಇಂಥವನ್ನು ಬಳಸದವರಿಗೆ ಸಿಸ್ಟಮ್‌ಗೆ 50-60 ಜಿಬಿ ಸಾಕು. ಡಾಕರ್ ಜಾಸ್ತಿ ಬಳಸುವವರು 100 ಜಿಬಿಯಾದರೂ ಇಟ್ಟುಕೊಳ್ಳಿ. 30 ಜಿಬಿ ಸಾಕು ಅನ್ನುವ ಹಳೆಯ ಲೆಕ್ಕವನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

ಇದು ಬ್ಯಾಕಪ್ ಅಲ್ಲ ಅನ್ನುವುದೂ ನೆನಪಿರಲಿ. ಒಂದೇ ಡಿಸ್ಕ್‌ನಲ್ಲಿ ಎಷ್ಟು ಪಾರ್ಟಿಷನ್ ಇದ್ದರೂ ಡಿಸ್ಕ್ ಸತ್ತರೆ ಎಲ್ಲವೂ ಒಟ್ಟಿಗೇ ಹೋಗುತ್ತವೆ.

ಜಾಗದ ಲೆಕ್ಕ: ಇಲ್ಲೇ ಜಾಸ್ತಿ ಜನ ಸಿಕ್ಕಿಕೊಳ್ಳುವುದು

ಎರಡನೇ ಡಿಸ್ಕ್ ಹಾಕಿಕೊಂಡು ಅದಕ್ಕೆ ಹೋಮ್ ಸಾಗಿಸುವವರು ಈ ಭಾಗ ಬಿಟ್ಟು ಮುಂದೆ ಹೋಗಿ. ಒಂದೇ ಡಿಸ್ಕ್ ಇರುವವರು ನಿಧಾನವಾಗಿ ಓದಿ.

ತೊಂದರೆ ಏನೆಂದರೆ, ಸಿಸ್ಟಮ್ ಪಾರ್ಟಿಷನ್ ಅನ್ನು ಚಿಕ್ಕದು ಮಾಡಿ ಉಳಿದ ಜಾಗದಲ್ಲಿ ಹೋಮ್ ಮಾಡಬೇಕು. ಆದರೆ ಚಿಕ್ಕದು ಮಾಡುವ ಹೊತ್ತಿಗೆ ಹೋಮ್‌ನ ಫೈಲ್‌ಗಳೆಲ್ಲ ಅದರೊಳಗೇ ಇರುತ್ತವಲ್ಲ! ಒಳಗಿರುವ ಫೈಲ್‌ಗಳ ಗಾತ್ರಕ್ಕಿಂತ ಚಿಕ್ಕದಾಗಿ ಯಾವ ಪಾರ್ಟಿಷನ್ನೂ ಕುಗ್ಗುವುದಿಲ್ಲ.

ಒಂದು ಉದಾಹರಣೆ. 500 ಜಿಬಿ ಡಿಸ್ಕ್. ಸಿಸ್ಟಮ್ 40 ಜಿಬಿ, ಹೋಮ್ 180 ಜಿಬಿ, ಒಟ್ಟು 220 ಜಿಬಿ ತುಂಬಿದೆ. ನಿಮಗೆ ಬೇಕಿರುವುದು ಸಿಸ್ಟಮ್‌ಗೆ 100, ಹೋಮ್‌ಗೆ 400. ಆದರೆ 220 ತುಂಬಿರುವ ಪಾರ್ಟಿಷನ್ 100ಕ್ಕೆ ಇಳಿಯುವುದಿಲ್ಲ, ಹೆಚ್ಚೆಂದರೆ 240ಕ್ಕೆ ಇಳಿದೀತು. ಹಾಗೇ ಮುಂದುವರಿದರೆ ಹೋಮ್‌ಗೆ 260 ಸಿಗುತ್ತದೆ. ನಕಲು ಮುಗಿಸಿ ಹಳೆಯದನ್ನು ಅಳಿಸಿದ ಮೇಲೆ ಸಿಸ್ಟಮ್ ಪಾರ್ಟಿಷನ್‌ನಲ್ಲಿ 200 ಜಿಬಿ ಸುಮ್ನೆ ಖಾಲಿ ಬಿದ್ದಿರುತ್ತದೆ. ಅದನ್ನು ಹೋಮ್‌ಗೆ ಸೇರಿಸಬೇಕೆಂದರೆ ಹೋಮ್ ಪಾರ್ಟಿಷನ್ ಅನ್ನು ಎಡಕ್ಕೆ ಹಿಗ್ಗಿಸಬೇಕು. ಬಲಕ್ಕೆ ಹಿಗ್ಗಿಸುವುದು ಕ್ಷಣದ ಕೆಲಸ. ಎಡಕ್ಕೆ ಹಿಗ್ಗಿಸುವುದೆಂದರೆ ಒಳಗಿನ ಅಷ್ಟೂ ಡೇಟಾವನ್ನು ಡಿಸ್ಕ್ ಮೇಲೆ ಹಿಂದಕ್ಕೆ ಎಳೆದು ಬರೆಯುವುದು. ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋದರೆ ಕಥೆ ಮುಗಿಯಿತು.

ಅದಕ್ಕಿಂತ ಸುಲಭದ ದಾರಿ: ದೊಡ್ಡ ಫೈಲ್‌ಗಳನ್ನು ಮೊದಲೇ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕಿ. ವಿಡಿಯೊ, ವರ್ಚುವಲ್ ಮೆಷಿನ್‌ನ ಡಿಸ್ಕ್ ಇಮೇಜ್, ಗೇಮ್ ಇಂಥವು. ಮೇಲಿನ ಉದಾಹರಣೆಯಲ್ಲಿ 150 ಜಿಬಿ ಹೊರಗೆ ಹೋದರೆ ಒಳಗೆ ಉಳಿಯುವುದು 70 ಮಾತ್ರ. ಆಗ ಸಿಸ್ಟಮ್ ಅನ್ನು ಒಂದೇ ಸಲಕ್ಕೆ 100ಕ್ಕೆ ಇಳಿಸಿ, 400 ಜಿಬಿಯ ಹೋಮ್ ಮಾಡಿ, ಉಳಿದ 30 ಜಿಬಿ ನಕಲು ಮಾಡಿ, ಕೊನೆಗೆ 150ನ್ನು ವಾಪಸ್ ತರಬಹುದು. ಆದರೆ ಆ ಹೊತ್ತಿನಲ್ಲಿ 150 ಜಿಬಿಗೆ ಎಕ್ಸ್‌ಟರ್ನಲ್ ಡಿಸ್ಕ್ ಒಂದೇ ಗತಿ ಆಗಬಾರದು. ಮುಖ್ಯವಾದದ್ದರ ಇನ್ನೊಂದು ಪ್ರತಿ ಬೇರೆ ಎಲ್ಲಾದರೂ ಇರಲಿ.

ಎಕ್ಸ್‌ಟರ್ನಲ್ ಡಿಸ್ಕ್ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನಲ್ಲಿದ್ದರೆ ಲಿನಕ್ಸ್‌ನ ಪರ್ಮಿಷನ್‌ಗಳು ಅದರಲ್ಲಿ ಉಳಿಯುವುದಿಲ್ಲ. ವಿಡಿಯೊಗಳಿಗೆ ಅದರಿಂದ ಏನೂ ಆಗಲ್ಲ. ಆದರೆ ಪೂರ್ತಿ ಹೋಮ್‌ನ ಬ್ಯಾಕಪ್ ಹಾಗೆ ಮಾಡಬೇಡಿ. ಎಸ್‌ಎಸ್‌ಎಚ್‌ನ ಪ್ರೈವೇಟ್ ಕೀ ಬೇರೆಯವರೂ ಓದಬಹುದಾದ ಪರ್ಮಿಷನ್‌ನಲ್ಲಿ ವಾಪಸ್ ಬಂದರೆ ಎಸ್‌ಎಸ್‌ಎಚ್ ಅದನ್ನು ಮುಟ್ಟುವುದೇ ಇಲ್ಲ. ಪೂರ್ತಿ ಬ್ಯಾಕಪ್‌ಗೆ ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಇರುವ ಡಿಸ್ಕ್ ಬಳಸಿ, ಇಲ್ಲವೇ ಎಲ್ಲವನ್ನೂ ಒಂದು ಟಾರ್ ಫೈಲ್ ಮಾಡಿ ಹಾಕಿ.

ಟ್ರ್ಯಾಶ್ ಖಾಲಿ ಮಾಡುವುದನ್ನು ಮರೆಯಬೇಡಿ. ಅದೂ ಹೋಮ್ ಒಳಗೇ ಇರುತ್ತದೆ, ಸುಮ್ಮನೆ ಕಸವನ್ನೂ ಹೊತ್ತುಕೊಂಡು ಹೋಗುತ್ತೀರಿ.

ಲೈವ್ ಯುಎಸ್‌ಬಿಯಿಂದ ಪಾರ್ಟಿಷನ್ ಮಾಡುವುದು

ಓಡುತ್ತಿರುವ ಸಿಸ್ಟಮ್‌ನಿಂದಲೇ ಇದನ್ನು ಮಾಡುವ ದಾರಿಗಳೂ ಇವೆ. ನನಗೆ ಅವು ಇಷ್ಟ ಇಲ್ಲ. ನೀವು ಲಾಗಿನ್ ಆಗಿದ್ದಷ್ಟು ಹೊತ್ತೂ ಬ್ರೌಸರ್, ಡೆಸ್ಕ್‌ಟಾಪ್, ಹಿಂದೆ ಓಡುವ ಸಣ್ಣಪುಟ್ಟ ಪ್ರೋಗ್ರಾಮ್‌ಗಳು ಹೋಮ್ ಒಳಗೆ ಏನಾದರೂ ಬರೆಯುತ್ತಲೇ ಇರುತ್ತವೆ. ನಕಲು ಆಗುವಾಗಲೇ ಡೇಟಾಬೇಸ್ ಫೈಲ್ ಬದಲಾದರೆ ಅರ್ಧ ಹಳೆಯದು ಅರ್ಧ ಹೊಸದು ಸಿಗುತ್ತದೆ. ಅದೂ ಅಲ್ಲದೆ, ಮೌಂಟ್ ಆಗಿರುವ (ಒಂದು ಫೋಲ್ಡರ್‌ಗೆ ಜೋಡಿಸಿ ಬಳಕೆಯಲ್ಲಿರುವ) ಇಎಕ್ಸ್‌ಟಿ4 ಅನ್ನು ಹಿಗ್ಗಿಸಬಹುದೇ ಹೊರತು ಕುಗ್ಗಿಸಲು ಆಗುವುದಿಲ್ಲ. ಹೇಗಿದ್ದರೂ ಲೈವ್ ಯುಎಸ್‌ಬಿ (ಇನ್‌ಸ್ಟಾಲ್ ಮಾಡದೆ ನೇರವಾಗಿ ಲಿನಕ್ಸ್ ಬೂಟ್ ಆಗುವ ಪೆನ್‌ಡ್ರೈವ್) ಬೇಕೇ ಬೇಕು ಅಲ್ವಾ? ಎಲ್ಲವನ್ನೂ ಅಲ್ಲಿಂದಲೇ ಮುಗಿಸೋಣ.

ಕಂಪ್ಯೂಟರನ್ನು ಹೈಬರ್ನೇಟ್ ಮಾಡದೆ ಪೂರ್ತಿ ಶಟ್‌ಡೌನ್ ಮಾಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿ. ಉಬುಂಟು, ಮಿಂಟ್, ಅಥವಾ ಪಾರ್ಟಿಷನ್ ತಿದ್ದುವ ಜಿಪಾರ್ಟೆಡ್ ಪ್ರೋಗ್ರಾಮ್‌ನ ಸ್ವಂತ ಲೈವ್ ಇಮೇಜ್, ಯಾವುದಾದರೂ ಸರಿ. ಬೂಟ್ ಆದ ಮೇಲೆ ಟರ್ಮಿನಲ್ ತೆಗೆದು ಡಿಸ್ಕ್‌ಗಳ ಪಟ್ಟಿ ನೋಡಿ:

ಎಲ್‌ಎಸ್‌ಬಿಎಲ್‌ಕೆ --ಔಟ್‌ಪುಟ್ ನೇಮ್,ಸೈಜ್,ಎಫ್‌ಎಸ್‌ಟೈಪ್,ಲೇಬಲ್

ಇಲ್ಲಿ ಗಾಬರಿ ಬೀಳಬೇಡಿ. ದಿನಾ ಎಸ್‌ಡಿಎ ಅಂತ ಇದ್ದ ಡಿಸ್ಕ್ ಇವತ್ತು ಎಸ್‌ಡಿಬಿ ಆಗಿರಬಹುದು, ಎಸ್‌ಡಿಎ ಜಾಗದಲ್ಲಿ ಲೈವ್ ಯುಎಸ್‌ಬಿ ಕೂತಿರಬಹುದು. ಎನ್‌ವಿಎಂಇ ಡಿಸ್ಕ್ ಆದರೆ ಹೆಸರು ಎನ್‌ವಿಎಂಇ0ಎನ್1ಪಿ2 ಅಂತ ಉದ್ದಕ್ಕೆ ಇರುತ್ತದೆ. ಹೆಸರು ನಂಬದೆ ಗಾತ್ರ ಮತ್ತು ಫೈಲ್‌ಸಿಸ್ಟಮ್ ನೋಡಿ ಗುರುತು ಹಿಡಿಯಿರಿ. ಮುಂದಿನ ಉದಾಹರಣೆಗಳಲ್ಲಿ ಸಿಸ್ಟಮ್ ಎಸ್‌ಡಿಎ2, ಹೊಸ ಹೋಮ್ ಎಸ್‌ಡಿಎ3 ಅಂತ ಇಟ್ಟುಕೊಂಡಿದ್ದೇನೆ. ನಿಮ್ಮದು ಏನಿದೆಯೋ ಅದನ್ನೇ ಹಾಕಿ.

ಸಿಸ್ಟಮ್ ಪಾರ್ಟಿಷನ್ ಎಕ್ಸ್‌ಎಫ್‌ಎಸ್ ಅಂತ ಇದ್ದರೆ ಇಲ್ಲೇ ದಾರಿ ಬಂದ್. ಅದನ್ನು ಕುಗ್ಗಿಸಿ ಜಾಗ ತೆಗೆಯುವ ಮಾತೇ ಇಲ್ಲ, ಎರಡನೇ ಡಿಸ್ಕ್ ಬೇಕು. ಲಕ್ಸ್ ಎನ್‌ಕ್ರಿಪ್ಷನ್ ಇದ್ದರೆ ಇನ್ನೂ ಎಚ್ಚರ. ಈಗ ನಿಮ್ಮ ಫೈಲ್‌ಗಳು ಪಾಸ್‌ವರ್ಡ್ ಹಿಂದೆ ಭದ್ರವಾಗಿವೆ. ಹೊಸ ಹೋಮ್ ಅನ್ನು ಮಾಮೂಲಿ ಇಎಕ್ಸ್‌ಟಿ4 ಮಾಡಿಬಿಟ್ಟರೆ ಅವೆಲ್ಲ ಬಟಾಬಯಲು. ಅದಕ್ಕೂ ಲಕ್ಸ್ ಹಾಕಿ, ಕ್ರಿಪ್ಟ್‌ಟ್ಯಾಬ್‌ನಲ್ಲಿ ಸೇರಿಸಬೇಕು. ಅದು ಬೇರೆಯದೇ ಕೆಲಸ, ಈ ಲೇಖನದ ಹಂತಗಳನ್ನು ಹಾಗೇ ಅನುಸರಿಸಬೇಡಿ.

ಈಗ ಜಿಪಾರ್ಟೆಡ್ ತೆರೆಯಿರಿ. ಪಾರ್ಟಿಷನ್ ಪಕ್ಕ ಬೀಗದ ಚಿತ್ರ ಕಂಡರೆ ಅದು ಮೌಂಟ್ ಆಗಿದೆ, ಅಥವಾ ಸ್ವಾಪ್ ಆಗಿ ಬಳಕೆಯಲ್ಲಿದೆ ಅಂತ. ರೈಟ್ ಕ್ಲಿಕ್ ಮಾಡಿ ಅನ್‌ಮೌಂಟ್ ಅಥವಾ ಸ್ವಾಪ್‌ಆಫ್ ಕೊಡಿ. ಒಂದೇ ಡಿಸ್ಕ್ ಇರುವವರು ಸಿಸ್ಟಮ್ ಪಾರ್ಟಿಷನ್ ಮೇಲೆ ರೀಸೈಜ್ ಆರಿಸಿ, ಬಲ ತುದಿಯನ್ನು ಮಾತ್ರ ಒಳಕ್ಕೆ ಎಳೆಯಿರಿ. ಎಡ ತುದಿ ಮುಟ್ಟಬೇಡಿ. ಎಡಗಡೆಯ ಖಾಲಿ ಜಾಗದ (ಫ್ರೀ ಸ್ಪೇಸ್ ಪ್ರಿಸೀಡಿಂಗ್) ಪೆಟ್ಟಿಗೆಯಲ್ಲಿ ಸೊನ್ನೆಯೇ ಇರಬೇಕು. ಎಡ ತುದಿ ಸರಿದರೆ ಪೂರ್ತಿ ಡೇಟಾ ಸರಿಯಬೇಕಾಗುತ್ತದೆ, ಬೂಟ್ ಕೂಡ ಕೈಕೊಡಬಹುದು.

ಖಾಲಿಯಾದ ಜಾಗದಲ್ಲಿ ಹೊಸ ಪಾರ್ಟಿಷನ್ ಮಾಡಿ, ಫೈಲ್‌ಸಿಸ್ಟಮ್ ಇಎಕ್ಸ್‌ಟಿ4, ಲೇಬಲ್ ಹೋಮ್ ಅಂತ ಕೊಡಿ. ಹಳೆಯ ಎಂಬಿಆರ್ ಡಿಸ್ಕ್‌ಗಳಲ್ಲಿ ನಾಲ್ಕಕ್ಕಿಂತ ಜಾಸ್ತಿ ಪ್ರೈಮರಿ ಪಾರ್ಟಿಷನ್ ಆಗುವುದಿಲ್ಲ, ಅಲ್ಲಿ ಎಕ್ಸ್‌ಟೆಂಡೆಡ್ ಒಳಗೆ ಮಾಡಬೇಕು. ಜಿಪಿಟಿಯಲ್ಲಿ ಆ ರಗಳೆ ಇಲ್ಲ. ಹಸಿರು ಟಿಕ್ ಒತ್ತುವವರೆಗೂ ಏನೂ ನಡೆಯುವುದಿಲ್ಲ, ಹಾಗಾಗಿ ಕೆಳಗೆ ಕಾಣುವ ಪಟ್ಟಿಯನ್ನು ಇನ್ನೊಮ್ಮೆ ಓದಿ. ಬ್ಯಾಕಪ್ ಆಗಿಲ್ಲ ಅಂದರೆ ನಿಲ್ಲಬೇಕಾದದ್ದು ಈಗಲೇ. ಒತ್ತಿದ ಮೇಲೆ ಎಷ್ಟೇ ಹೊತ್ತಾದರೂ ಕ್ಯಾನ್ಸಲ್ ಮಾಡಬೇಡಿ.

ಇನ್ನೊಂದು ಸಣ್ಣ ಲಾಭ ಇದೆ. ಇಎಕ್ಸ್‌ಟಿ4 ತನ್ನ ಜಾಗದಲ್ಲಿ ಶೇ 5ರಷ್ಟನ್ನು ರೂಟ್ ಬಳಕೆದಾರನಿಗೆ ಅಂತ ಎತ್ತಿಡುತ್ತದೆ. ಡಿಸ್ಕ್ ತುಂಬಿದರೂ ಸಿಸ್ಟಮ್ ಓಡಲಿ ಅನ್ನುವ ಉದ್ದೇಶ. ಹೋಮ್ ಪಾರ್ಟಿಷನ್‌ಗೆ ಅಷ್ಟೊಂದು ಬೇಕಿಲ್ಲ. 400 ಜಿಬಿಯಲ್ಲಿ ಶೇ 5 ಅಂದರೆ 20 ಜಿಬಿ ಸುಮ್ನೆ ಕೂರುತ್ತದೆ! ಶೇ 1ಕ್ಕೆ ಇಳಿಸಿ:

ಸುಡೊ ಟ್ಯೂನ್2ಎಫ್‌ಎಸ್ -ಎಂ 1 /ಡೆವ್/ಎಸ್‌ಡಿಎ3

ನಕಲು

ಎರಡೂ ಪಾರ್ಟಿಷನ್‌ಗಳನ್ನು ಮೌಂಟ್ ಮಾಡೋಣ. ಹಳೆಯದಕ್ಕೆ ಓಲ್ಡ್, ಹೊಸದಕ್ಕೆ ನ್ಯೂ ಅಂತ ಫೋಲ್ಡರ್:

ಸುಡೊ ಎಂಕೆಡಿಐಆರ್ /ಎಂಎನ್‌ಟಿ/ಓಲ್ಡ್ /ಎಂಎನ್‌ಟಿ/ನ್ಯೂ
ಸುಡೊ ಮೌಂಟ್ /ಡೆವ್/ಎಸ್‌ಡಿಎ2 /ಎಂಎನ್‌ಟಿ/ಓಲ್ಡ್
ಸುಡೊ ಮೌಂಟ್ /ಡೆವ್/ಎಸ್‌ಡಿಎ3 /ಎಂಎನ್‌ಟಿ/ನ್ಯೂ

ಓಲ್ಡ್ ಒಳಗಿನ ಹೋಮ್‌ನಲ್ಲಿ ನಿಮ್ಮ ಹೆಸರಿನ ಫೋಲ್ಡರ್ ಕಾಣಿಸುತ್ತಿದೆಯಾ ನೋಡಿ. ಕಾಣಿಸಿದರೆ ಮುಂದಕ್ಕೆ:

ಸುಡೊ ಆರ್‌ಸಿಂಕ್ --ಆರ್ಕೈವ್ --ಎಸಿಎಲ್ಸ್ --ಎಕ್ಸ್‌ಆ್ಯಟರ್ಸ್ --ಹಾರ್ಡ್-ಲಿಂಕ್ಸ್ --ಸ್ಪಾರ್ಸ್ --ಇನ್ಫೊ=ಪ್ರೋಗ್ರೆಸ್2 /ಎಂಎನ್‌ಟಿ/ಓಲ್ಡ್/ಹೋಮ್/ /ಎಂಎನ್‌ಟಿ/ನ್ಯೂ/

ಈ ಸಾಲನ್ನು ಬಿಡಿಸಿ ನೋಡುವುದು ಒಳ್ಳೆಯದು. ಆರ್ಕೈವ್ ಅನ್ನುವುದು ಫೈಲ್‌ನ ಮಾಲೀಕ, ಪರ್ಮಿಷನ್, ತಾರೀಕು, ಸಾಂಕೇತಿಕ ಲಿಂಕ್ ಇಷ್ಟನ್ನೂ ಹಾಗೇ ಉಳಿಸುತ್ತದೆ. ಎಲ್ಲವೂ ಇದರಲ್ಲೇ ಬಂತು ಅಂದುಕೊಳ್ಳುವವರು ಜಾಸ್ತಿ, ಬರುವುದಿಲ್ಲ. ಎಸಿಎಲ್ (ಹೆಚ್ಚುವರಿ ಪರ್ಮಿಷನ್ ಪಟ್ಟಿ), ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್ (ಫೈಲ್‌ಗೆ ಅಂಟಿಸಿದ ಹೆಚ್ಚುವರಿ ಮಾಹಿತಿ), ಹಾರ್ಡ್ ಲಿಂಕ್ ಮೂರನ್ನೂ ಬೇರೆಯಾಗಿ ಕೇಳಬೇಕು. ಹಾರ್ಡ್ ಲಿಂಕ್ ಆಪ್ಷನ್ ಬಿಟ್ಟರೆ ಒಂದೇ ಫೈಲ್‌ಗೆ ಇರುವ ಎರಡು ಹೆಸರು ಎರಡು ಬೇರೆ ಫೈಲ್ ಆಗಿ ಜಾಗ ತಿನ್ನುತ್ತದೆ. ಸ್ಪಾರ್ಸ್ ಬೇಕಾಗುವುದು ವರ್ಚುವಲ್ ಮೆಷಿನ್ ಇಟ್ಟುಕೊಂಡವರಿಗೆ. 60 ಜಿಬಿ ಅಂತ ತೋರಿಸುವ ಡಿಸ್ಕ್ ಇಮೇಜ್ ನಿಜವಾಗಿ 12 ಜಿಬಿ ಮಾತ್ರ ಬಳಸುತ್ತಿರಬಹುದು. ಆ ಆಪ್ಷನ್ ಇಲ್ಲದಿದ್ದರೆ ಹೊಸ ಜಾಗದಲ್ಲಿ ಪೂರ್ತಿ 60 ಜಿಬಿ ಸೊನ್ನೆಗಳ ಸಮೇತ ಕೂರುತ್ತದೆ.

ಕೊನೆಯ ಸ್ಲ್ಯಾಷ್ ಗಮನಿಸಿ. ಓಲ್ಡ್/ಹೋಮ್/ ಅಂತ ಕೊನೆಗೆ ಸ್ಲ್ಯಾಷ್ ಇದ್ದರೆ ಹೋಮ್ ಒಳಗಿನದು ಹೋಗುತ್ತದೆ. ಸ್ಲ್ಯಾಷ್ ಬಿಟ್ಟರೆ ಹೋಮ್ ಅನ್ನುವ ಫೋಲ್ಡರ್ ಸಮೇತ ಹೋಗಿ, ಕೊನೆಗೆ ನಿಮ್ಮ ಫೈಲ್‌ಗಳು /ಹೋಮ್/ಹೋಮ್ ಒಳಗೆ ಕೂತಿರುತ್ತವೆ. ಆಮೇಲೆ ಲಾಗಿನ್ ಆಗದೆ ಒದ್ದಾಡುವುದು.

ನಕಲು ನಡೆಯುವಾಗ ಶೇಕಡಾ ಲೆಕ್ಕ 40ಕ್ಕೆ ಹೋಗಿ ಮತ್ತೆ 25ಕ್ಕೆ ಇಳಿಯಬಹುದು. ಆರ್‌ಸಿಂಕ್ ನಕಲು ಮಾಡುತ್ತಲೇ ಹೊಸ ಫೋಲ್ಡರ್‌ಗಳನ್ನು ಹುಡುಕುತ್ತಾ ಹೋಗುತ್ತದೆ, ಒಟ್ಟು ಲೆಕ್ಕ ಬೆಳೆದ ಹಾಗೆ ಶೇಕಡಾ ಇಳಿಯುತ್ತದೆ. ನಡುವೆ ನಿಂತುಹೋದರೆ ಅದೇ ಕಮಾಂಡ್ ಮತ್ತೆ ಕೊಡಿ, ಆಗಲೇ ಹೋಗಿರುವ ಫೈಲ್‌ಗಳನ್ನು ಬಿಟ್ಟು ಮುಂದುವರಿಯುತ್ತದೆ.

ಮುಗಿದ ಮೇಲೆ ತಾಳೆ ನೋಡಬೇಕು. ಎರಡು ಕಡೆಯ ಗಾತ್ರ ಹೋಲಿಸುವುದು ಅಷ್ಟು ನಂಬಿಕೆಯ ಕೆಲಸ ಅಲ್ಲ, ಸ್ಪಾರ್ಸ್ ಫೈಲ್‌ಗಳಿಂದ ಹೆಚ್ಚುಕಮ್ಮಿ ಆಗುತ್ತದೆ. ಆರ್‌ಸಿಂಕ್ ಅನ್ನೇ ಕೇಳೋಣ. ಮೇಲಿನ ಕಮಾಂಡನ್ನೇ ತಂದು, ಪ್ರೋಗ್ರೆಸ್ ಭಾಗ ತೆಗೆದು, ಆ ಜಾಗದಲ್ಲಿ ಈ ನಾಲ್ಕು ಸೇರಿಸಿ:

--ಡ್ರೈ-ರನ್ --ಚೆಕ್‌ಸಮ್ --ಡಿಲೀಟ್ --ಐಟಮೈಜ್-ಚೇಂಜಸ್

ಡಿಲೀಟ್ ಅನ್ನುವುದನ್ನು ನೋಡಿ ಹೆದರಬೇಡಿ, ಡ್ರೈ-ರನ್ ಇರುವುದರಿಂದ ಯಾವುದೂ ಅಳಿಯುವುದಿಲ್ಲ. ಆದರೆ ಡ್ರೈ-ರನ್ ಟೈಪ್ ಮಾಡಿದ್ದೀರಾ ಅಂತ ಎಂಟರ್ ಒತ್ತುವ ಮೊದಲು ಒಮ್ಮೆ ನೋಡಿಕೊಳ್ಳಿ. ಇದು ಎರಡೂ ಕಡೆಯ ಪ್ರತಿಯೊಂದು ಫೈಲನ್ನೂ ಪೂರ್ತಿ ಓದಿ ಹೋಲಿಸುತ್ತದೆ, ಹಾಗಾಗಿ ನಿಧಾನ. ಕೊನೆಗೆ ಲಾಸ್ಟ್+ಫೌಂಡ್ ಅನ್ನುವ ಫೋಲ್ಡರ್ ಅಳಿಸಬೇಕು ಅನ್ನುವ ಒಂದೇ ಸಾಲು ಬಂದರೆ ಎಲ್ಲ ಸರಿಯಾಗಿದೆ. ಅದು ಇಎಕ್ಸ್‌ಟಿ4 ತಾನೇ ಮಾಡಿಕೊಳ್ಳುವ ಫೋಲ್ಡರ್, ಹಳೆಯ ಹೋಮ್‌ನಲ್ಲಿ ಇರಲಿಲ್ಲ, ಅದಕ್ಕೇ ವ್ಯತ್ಯಾಸ ಅಂತ ತೋರಿಸುತ್ತದೆ. ಬೇರೆ ಸಾಲು ಏನಾದರೂ ಬಂದರೆ ನಕಲಿನ ಕಮಾಂಡ್‌ಗೆ --ಚೆಕ್‌ಸಮ್ ಸೇರಿಸಿ ಇನ್ನೊಮ್ಮೆ ಓಡಿಸಿ.

ಉಬುಂಟುವಿನ ಹಳೆಯ ಆವೃತ್ತಿಗಳಲ್ಲಿ ಹೋಮ್ ಫೋಲ್ಡರನ್ನು ಮಾತ್ರ ಎನ್‌ಕ್ರಿಪ್ಟ್ ಮಾಡುವ ಸೌಲಭ್ಯ ಇತ್ತು. 18.04ರ ಇನ್‌ಸ್ಟಾಲರ್‌ನಿಂದ ಅದನ್ನು ತೆಗೆದರು. ಅಂದಿನಿಂದ ಅಪ್‌ಗ್ರೇಡ್ ಮಾಡುತ್ತಲೇ ಬಂದವರ ಹೋಮ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ಇಕ್ರಿಪ್ಟ್‌ಎಫ್‌ಎಸ್ ಅನ್ನುವ ಅಡಗಿದ ಫೋಲ್ಡರ್ ಇರುತ್ತದೆ. ನಿಜವಾದ ಡೇಟಾ ಇರುವುದು ಅದರಲ್ಲೇ. ಮೇಲಿನ ಕಮಾಂಡ್ ಅದನ್ನೂ ಒಯ್ಯುತ್ತದೆ. ನಿಮ್ಮ ಹೆಸರಿನ ಫೋಲ್ಡರ್ ಮಾತ್ರ ಕೈಯಲ್ಲಿ ಎಳೆದು ಹಾಕಿದರೆ ಖಾಲಿ ಡಬ್ಬ ಸಿಗುತ್ತದೆ.

ಹೆಸರು ಬದಲಿಸಿ, ಎಫ್‌ಸ್ಟ್ಯಾಬ್ ಬರೆಯಿರಿ

ಸುಡೊ ಎಂವಿ /ಎಂಎನ್‌ಟಿ/ಓಲ್ಡ್/ಹೋಮ್ /ಎಂಎನ್‌ಟಿ/ಓಲ್ಡ್/ಹೋಮ್.ಓಲ್ಡ್
ಸುಡೊ ಎಂಕೆಡಿಐಆರ್ /ಎಂಎನ್‌ಟಿ/ಓಲ್ಡ್/ಹೋಮ್

ಹೊಸದಾಗಿ ಮಾಡಿದ ಖಾಲಿ ಹೋಮ್, ಪಾರ್ಟಿಷನ್ ಬಂದು ಕೂರುವ ಜಾಗ. ಹೆಸರು ಬದಲಿಸದೆ ನೇರವಾಗಿ ಮೌಂಟ್ ಮಾಡಿದರೂ ಕೆಲಸ ಆಗುತ್ತದೆ, ಆದರೆ ಹಳೆಯ ಫೈಲ್‌ಗಳು ಅದರ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಕಣ್ಣಿಗೆ ಕಾಣಲ್ಲ, ಜಾಗ ಮಾತ್ರ ತಿನ್ನುತ್ತಲೇ ಇರುತ್ತವೆ. ಸಿಸ್ಟಮ್ ಪಾರ್ಟಿಷನ್ ತುಂಬಿದೆ, ಯಾವ ಫೈಲ್ ಅಂತ ಗೊತ್ತಾಗ್ತಿಲ್ಲ ಅನ್ನುವ ಎಷ್ಟೋ ದೂರುಗಳ ಹಿಂದೆ ಇರುವುದು ಇದೇ.

ಸಾಂಕೇತಿಕ ಲಿಂಕ್ ಕೊಟ್ಟರೆ ಸಾಲದಾ ಅಂತ ಕೆಲವರು ಕೇಳುತ್ತಾರೆ. ಬೇಡ. ಸ್ನ್ಯಾಪ್ ಆ್ಯಪ್‌ಗಳು ಅದಕ್ಕೆ ತಕರಾರು ತೆಗೆಯುತ್ತವೆ. /ಹೋಮ್‌ಗೇ ಮೌಂಟ್ ಮಾಡಿದರೆ ವಿಳಾಸ ಮೊದಲಿನದೇ ಇರುತ್ತದೆ, ಯಾವ ಪ್ರೋಗ್ರಾಮ್‌ಗೂ ಏನಾಯಿತೆಂದು ಗೊತ್ತೇ ಆಗುವುದಿಲ್ಲ.

ಬೂಟ್ ಆಗುವಾಗ ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಆಗಬೇಕು ಅಂತ ಹೇಳುವ ಫೈಲ್ ಎಫ್‌ಸ್ಟ್ಯಾಬ್. ಅದರಲ್ಲಿ ಬರೆಯಲು ಹೊಸ ಪಾರ್ಟಿಷನ್‌ನ ಯುಯುಐಡಿ, ಅಂದರೆ ಅದರ ಗುರುತಿನ ನಂಬರ್ ಬೇಕು:

ಸುಡೊ ಬಿಎಲ್‌ಕೆಐಡಿ /ಡೆವ್/ಎಸ್‌ಡಿಎ3

ಇದರಲ್ಲಿ ಯುಯುಐಡಿ, ಪಾರ್ಟ್‌ಯುಯುಐಡಿ ಅಂತ ಎರಡು ಕಾಣುತ್ತವೆ. ನಿಮಗೆ ಬೇಕಿರುವುದು ಬರೀ ಯುಯುಐಡಿ. ಕೈಯಲ್ಲಿ ಟೈಪ್ ಮಾಡಲು ಹೋಗದೆ ಕಾಪಿ ಮಾಡಿಕೊಳ್ಳಿ. ಮತ್ತೆ ಫಾರ್ಮ್ಯಾಟ್ ಮಾಡಿದರೆ ಈ ನಂಬರ್ ಬದಲಾಗುತ್ತದೆ ಅನ್ನುವುದೂ ಗೊತ್ತಿರಲಿ. ಈಗ ಎಫ್‌ಸ್ಟ್ಯಾಬ್‌ನ ಒಂದು ಪ್ರತಿ ಎತ್ತಿಟ್ಟು, ಮೂಲ ಫೈಲ್ ತೆರೆಯಿರಿ:

ಸುಡೊ ಸಿಪಿ /ಎಂಎನ್‌ಟಿ/ಓಲ್ಡ್/ಇಟಿಸಿ/ಎಫ್‌ಸ್ಟ್ಯಾಬ್ /ಎಂಎನ್‌ಟಿ/ಓಲ್ಡ್/ಇಟಿಸಿ/ಎಫ್‌ಸ್ಟ್ಯಾಬ್.ಬಿಎಕೆ
ಸುಡೊ ನ್ಯಾನೊ /ಎಂಎನ್‌ಟಿ/ಓಲ್ಡ್/ಇಟಿಸಿ/ಎಫ್‌ಸ್ಟ್ಯಾಬ್

ಮುಂದೆ /ಎಂಎನ್‌ಟಿ/ಓಲ್ಡ್ ಇರುವುದು ಮುಖ್ಯ. ಅದನ್ನು ಬಿಟ್ಟರೆ ನೀವು ತಿದ್ದುವುದು ಲೈವ್ ಯುಎಸ್‌ಬಿಯ ಎಫ್‌ಸ್ಟ್ಯಾಬ್, ರೀಬೂಟ್ ಆದರೆ ಅದು ಗಾಳಿಗೆ. ಫೈಲ್ ಕೊನೆಗೆ ಈ ಸಾಲು ಸೇರಿಸಿ:

ಯುಯುಐಡಿ=ನಿಮ್ಮ-ನಂಬರ್ /ಹೋಮ್ ಇಎಕ್ಸ್‌ಟಿ4 ಡಿಫಾಲ್ಟ್ಸ್ 0 2

ಯುಯುಐಡಿ ಅನ್ನುವ ನಾಲ್ಕು ಅಕ್ಷರ ಇಲ್ಲಿ ದೊಡ್ಡಕ್ಷರದಲ್ಲಿರಬೇಕು, ನಂಬರ್ ಕಾಪಿ ಮಾಡಿದ ಹಾಗೇ ಇರಲಿ. ಕೊನೆಯ 2 ಬೂಟ್ ಆಗುವಾಗ ಡಿಸ್ಕ್ ತಪಾಸಣೆಯ ಸರದಿ. ಸಿಸ್ಟಮ್‌ಗೆ 1, ಉಳಿದವಕ್ಕೆ 2. ಡಿಫಾಲ್ಟ್ಸ್ ಜಾಗದಲ್ಲಿ ನೋಎಕ್ಸೆಕ್ ಹಾಕಿ ಅನ್ನುವ ಸಲಹೆ ಕೇಳಿರಬಹುದು. ಸ್ವಂತ ಕಂಪ್ಯೂಟರ್‌ನಲ್ಲಿ ಹಾಕಿದರೆ ಆ್ಯಪ್‌ಇಮೇಜ್, ಪೈಥಾನ್ ಎನ್ವಿರಾನ್‌ಮೆಂಟ್, ಸ್ಟೀಮ್ ಗೇಮ್ ಎಲ್ಲ ಮುಷ್ಕರ ಹೂಡುತ್ತವೆ. ನೋಫೇಲ್ ಕೂಡ ಹೋಮ್‌ಗೆ ಬೇಡ. ಪಾರ್ಟಿಷನ್ ಸಿಗದೆ ಹೋದಾಗಲೂ ಸಿಸ್ಟಮ್ ಖಾಲಿ ಹೋಮ್ ಇಟ್ಟುಕೊಂಡು ಬೂಟ್ ಆಗುತ್ತದೆ, ಎಲ್ಲ ಅಳಿಸಿಹೋಯಿತು ಅಂತ ನಿಮ್ಮ ಎದೆ ಧಸಕ್ ಅನ್ನುತ್ತದೆ.

ಬರೆದದ್ದನ್ನು ಪರೀಕ್ಷಿಸಿ:

ಫೈಂಡ್‌ಎಂಎನ್‌ಟಿ --ವೆರಿಫೈ --ಟ್ಯಾಬ್-ಫೈಲ್ /ಎಂಎನ್‌ಟಿ/ಓಲ್ಡ್/ಇಟಿಸಿ/ಎಫ್‌ಸ್ಟ್ಯಾಬ್

ಲೈವ್‌ನಿಂದ ನೋಡುತ್ತಿರುವುದರಿಂದ ಬೇರೆ ಸಾಲುಗಳ ಬಗ್ಗೆ ಏನಾದರೂ ಗೊಣಗಬಹುದು. ನಿಮ್ಮ /ಹೋಮ್ ಸಾಲಿನಲ್ಲಿ ಪಾರ್ಸ್ ಎರರ್ ಇಲ್ಲದಿದ್ದರೆ, ಯುಯುಐಡಿ ಸಿಗುತ್ತಿಲ್ಲ ಅನ್ನದಿದ್ದರೆ ಸಾಕು. ಬೂಟ್‌ಗೆ ಸಂಬಂಧಿಸಿದ ಇನಿಟ್‌ರಾಮ್‌ಎಫ್‌ಎಸ್, ಗ್ರಬ್ ಯಾವುದನ್ನೂ ಮುಟ್ಟಬೇಕಿಲ್ಲ. ಎರಡೂ ಪಾರ್ಟಿಷನ್ ಅನ್‌ಮೌಂಟ್ ಮಾಡಿ, ರೀಬೂಟ್ ಕೊಟ್ಟು, ಲೈವ್ ಸಿಸ್ಟಮ್ ಮುಚ್ಚಿದ ಮೇಲೆ ಯುಎಸ್‌ಬಿ ಕೀಳಿ.

ಬೂಟ್ ಆದ ಮೇಲೆ

ಮಾಮೂಲಿಯಂತೆ ಲಾಗಿನ್ ಆದರೆ ಮೊದಲು ಕೊಟ್ಟ ಡಿಎಫ್ ಕಮಾಂಡ್ ಮತ್ತೆ ಕೊಡಿ. ಕೊನೆಯ ಕಾಲಮ್‌ನಲ್ಲಿ ಈಗ /ಹೋಮ್ ಕಾಣಬೇಕು. ಫೆಡೋರಾ ಕಡೆಯ ಸಿಸ್ಟಮ್‌ಗಳಲ್ಲಿ ಎಸ್‌ಇಲಿನಕ್ಸ್ ಅನ್ನುವ ಭದ್ರತಾ ವ್ಯವಸ್ಥೆಯ ಲೇಬಲ್‌ಗಳನ್ನೂ ಸರಿಪಡಿಸಿಬಿಡಿ:

ಸುಡೊ ರಿಸ್ಟೋರ್‌ಕಾನ್ -ಆರ್ /ಹೋಮ್

ಪಾಸ್‌ವರ್ಡ್ ಕೊಟ್ಟ ತಕ್ಷಣ ಮತ್ತೆ ಲಾಗಿನ್ ಪರದೆಗೇ ವಾಪಸ್ ಬರುತ್ತಿದೆಯಾ? ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಅಲ್ಲಿಂದ ಲಾಗಿನ್ ಆಗಿ. ಹೋಮ್ ಡೈರೆಕ್ಟರಿ ಇಲ್ಲ, / ಅನ್ನೇ ಹೋಮ್ ಅಂದುಕೊಳ್ಳುತ್ತೇನೆ ಅನ್ನುವ ಅರ್ಥದ ಸಂದೇಶ ಬಂದರೆ ಪಾರ್ಟಿಷನ್ ಮೌಂಟ್ ಆಗಿಲ್ಲ, ಇಲ್ಲವೇ ಆ ಸ್ಲ್ಯಾಷ್‌ನ ಕಥೆ ನಿಮ್ಮದೂ ಆಗಿದೆ. ಫೋಲ್ಡರ್ ಇದ್ದೂ ಒಳಗೆ ಬರೆಯಲು ಆಗುತ್ತಿಲ್ಲ ಅಂದರೆ ಮಾಲೀಕತ್ವ ಬದಲಾಗಿದೆ, ಸುಡೊ ಚೌನ್ ಕೊಟ್ಟು ನಿಮ್ಮ ಫೋಲ್ಡರನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಿ.

ಬೂಟ್ ಒಂದೂವರೆ ನಿಮಿಷ ನಿಂತು ಎಮರ್ಜೆನ್ಸಿ ಮೋಡ್‌ಗೆ ಬಿದ್ದರೆ ಯುಯುಐಡಿ ತಪ್ಪಿದೆ ಅಂತ ಹೆಚ್ಚುಕಮ್ಮಿ ಖಾತ್ರಿ. ಲೈವ್ ಯುಎಸ್‌ಬಿ ಹಾಕಿ ಎಫ್‌ಸ್ಟ್ಯಾಬ್‌ನ ಆ ಸಾಲು ತಿದ್ದಿ. ಇವತ್ತಿಗೆ ಸಾಕಪ್ಪಾ ಅನ್ನಿಸಿದರೆ ಸಾಲಿನ ಮುಂದೆ # ಹಾಕಿ, ಖಾಲಿ ಹೋಮ್ ಅನ್ನು ಆರ್‌ಎಂಡಿಐಆರ್ ಕೊಟ್ಟು ತೆಗೆದು, ಹೋಮ್.ಓಲ್ಡ್‌ಗೆ ಹೋಮ್ ಅಂತ ಮೊದಲಿನ ಹೆಸರು ಕೊಟ್ಟುಬಿಡಿ. ಫೈಲ್‌ಗಳೆಲ್ಲ ಮೊದಲಿದ್ದ ಜಾಗದಲ್ಲೇ ಸಿಗುತ್ತವೆ.

ಎಲ್ಲ ಸರಿ ಇದ್ದರೂ ಹೋಮ್.ಓಲ್ಡ್ ಅನ್ನು ಅವತ್ತೇ ಅಳಿಸಬೇಡಿ. ಒಂದೆರಡು ವಾರ ಮಾಮೂಲಿ ಕೆಲಸ ಮಾಡಿ. ಅಪರೂಪಕ್ಕೆ ತೆರೆಯುವ ಪ್ರೋಗ್ರಾಮ್‌ಗಳನ್ನೂ ಒಮ್ಮೆ ತೆರೆದು ನೋಡಿ. ಆಮೇಲೆ:

ಸುಡೊ ಆರ್‌ಎಂ --ರಿಕರ್ಸಿವ್ /ಹೋಮ್.ಓಲ್ಡ್

ಹೋಮ್ ಮತ್ತು ಚುಕ್ಕಿಯ ನಡುವೆ ಸ್ಪೇಸ್ ಬಿದ್ದರೆ ಅಳಿಯುವುದು ಹೊಸ ಹೋಮ್! ಟ್ಯಾಬ್ ಒತ್ತಿ ಹೆಸರು ಪೂರ್ತಿ ಮಾಡಿಸಿಕೊಂಡರೆ ಆ ಭಯ ಇಲ್ಲ.

ಮುಂದೆ ಮತ್ತೆ ಇನ್‌ಸ್ಟಾಲ್ ಮಾಡುವಾಗ

ಇಷ್ಟೆಲ್ಲ ಮಾಡಿದ್ದು ಆ ದಿನಕ್ಕಾಗಿಯೇ ತಾನೇ. ಇನ್‌ಸ್ಟಾಲರ್‌ನಲ್ಲಿ ಪೂರ್ತಿ ಡಿಸ್ಕ್ ಅಳಿಸುವ ಆಪ್ಷನ್ ಬಿಟ್ಟು ಪಾರ್ಟಿಷನ್‌ಗಳನ್ನು ನೀವೇ ಆರಿಸುವ ದಾರಿ ಹಿಡಿಯಿರಿ. ಸಿಸ್ಟಮ್ ಪಾರ್ಟಿಷನ್‌ಗೆ / ಕೊಟ್ಟು ಫಾರ್ಮ್ಯಾಟ್ ಟಿಕ್ ಹಾಕಿ. ಹೋಮ್ ಪಾರ್ಟಿಷನ್‌ಗೆ /ಹೋಮ್ ಕೊಡಿ, ಫಾರ್ಮ್ಯಾಟ್ ಟಿಕ್ ಇಲ್ಲ ಅಂತ ಎರಡೆರಡು ಸಲ ನೋಡಿ. ಬಳಕೆದಾರನ ಹೆಸರು ಮೊದಲಿನದೇ ಇರಲಿ.

ಫೈಲ್‌ನ ಮಾಲೀಕ ಯಾರು ಅಂತ ಡಿಸ್ಕ್ ಮೇಲೆ ಹೆಸರಲ್ಲ, ನಂಬರ್ ಬರೆದಿರುತ್ತದೆ. ಈಗಿನ ಬಹುತೇಕ ಡಿಸ್ಟ್ರೊಗಳಲ್ಲಿ ಮೊದಲ ಬಳಕೆದಾರನಿಗೆ 1000, ಎರಡನೆಯವರಿಗೆ 1001. ಒಬ್ಬರೇ ಇದ್ದರೆ ತಾನಾಗಿ ಹೊಂದಿಕೊಳ್ಳುತ್ತದೆ. ಮನೆಯಲ್ಲಿ ಇಬ್ಬರು ಮೂವರು ಬಳಸುತ್ತಿದ್ದರೆ ಮೊದಲು ಯಾವ ಕ್ರಮದಲ್ಲಿ ಅಕೌಂಟ್ ಮಾಡಿದ್ದಿರೋ ಅದೇ ಕ್ರಮದಲ್ಲಿ ಮಾಡಿ, ಇಲ್ಲದಿದ್ದರೆ ಒಬ್ಬರ ಫೈಲ್ ಇನ್ನೊಬ್ಬರ ಪಾಲಾಗುತ್ತದೆ. ಎರಡು ಡಿಸ್ಟ್ರೊ ಒಟ್ಟಿಗೆ ಇಟ್ಟುಕೊಂಡು ಎರಡಕ್ಕೂ ಇದೇ ಹೋಮ್ ಕೊಡುವ ಆಸೆ ಇದ್ದರೆ, ಪ್ರತಿಯೊಂದರಲ್ಲೂ ಬೇರೆ ಬಳಕೆದಾರನ ಹೆಸರು ಇಟ್ಟುಕೊಳ್ಳಿ. ಒಂದರ ಹೊಸ ಡೆಸ್ಕ್‌ಟಾಪ್ ಬರೆದ ಸೆಟ್ಟಿಂಗ್ ಇನ್ನೊಂದರ ಹಳೆಯ ಡೆಸ್ಕ್‌ಟಾಪ್‌ಗೆ ಅರ್ಥವಾಗದೆ ಪ್ಯಾನೆಲ್, ಥೀಮ್ ಎಲ್ಲ ಕಲಸುಮೇಲೋಗರ ಆಗುತ್ತದೆ.